ಹೇಮಾವತಿ ಸ್ನಾನಘಟ್ಟದ ನೀರು: ಯಾವ ಟೆಸ್ಟ್ ಮಾಡಿಸಬೇಕು, ಬೋರ್ಡಲ್ಲಿ ಏನು ಬರೆಯಬೇಕು?

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕಿನ ಹೇಮಾವತಿ ದಡದ ಒಂದು ಸ್ನಾನಘಟ್ಟದ ವಿಚಾರ. ದೇವಸ್ಥಾನ ಸಮಿತಿ, ಗ್ರಾಮ ಪಂಚಾಯಿತಿ ಎರಡೂ ಸೇರಿ ನೋಡಿಕೊಳ್ಳುವ ಜಾಗ. ಅಮಾವಾಸ್ಯೆ, ಸಂಕ್ರಾಂತಿಗೆ ಸ್ನಾನಕ್ಕೆ ಬರುವವರು ಒಂದು ಕಡೆ, ಶನಿವಾರ ಭಾನುವಾರ ಹೋಂಸ್ಟೇಗಳಿಂದ ಈಜಲು ಬರುವವರು ಇನ್ನೊಂದು ಕಡೆ. ಬೇಸಿಗೆ ರಜೆಯಲ್ಲಿ ಊರಿನ ಮಕ್ಕಳೂ ಇಲ್ಲೇ.

ಈಚೆಗೆ ಯಾರೋ ಬಾಟಲಿಯಲ್ಲಿ ನೀರು ತುಂಬಿಸಿ ಲ್ಯಾಬಿಗೆ ಕೊಟ್ಟಿದ್ದಾರೆ. "ಕೋಲಿಫಾರ್ಮ್ ಇದೆ, ಕುಡಿಯಲು ಯೋಗ್ಯವಲ್ಲ" ಎಂದು ಬಂದ ರಿಪೋರ್ಟಿನ ಫೋಟೋ ವಾಟ್ಸಾಪಿನಲ್ಲಿ "ಹೇಮಾವತಿ ವಿಷ" ಎಂದು ಓಡಾಡುತ್ತಿದೆ. ಅರ್ಧ ಊರು ಹೊಳೆಗೆ ಇಳಿಯುವುದನ್ನೇ ಬಿಟ್ಟಿದೆ. ಉಳಿದರ್ಧ, ಅಜ್ಜನ ಕಾಲದಿಂದ ಮೀಯುತ್ತಿದ್ದೇವೆ, ಏನೂ ಆಗಲ್ಲ ಎನ್ನುತ್ತಿದೆ. ಎರಡೂ ಮಾತು ಒಪ್ಪುವಂಥದ್ದಲ್ಲ ಎನಿಸುತ್ತದೆ.

ಸ್ನಾನದ ನೀರಿಗೆ ಬೇರೆ ಮಾನದಂಡ ಇದೆಯೇ? ಸ್ಯಾಂಪಲ್ ಹೇಗೆ, ಎಲ್ಲಿ, ಎಷ್ಟು ಸಲ ತೆಗೆಯಬೇಕು? ಜನ ನಂಬುವಂತೆ ಘಟ್ಟದ ಬೋರ್ಡಿನಲ್ಲಿ ಏನು ಬರೆಯಬೇಕು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಲ್ಯಾಬ್ ಬೆಂಚು

ಮೊದಲು ಆ ರಿಪೋರ್ಟಿನ ವಿಷಯ. ಅದನ್ನು ಕುಡಿಯುವ ನೀರಿನ ಮಾನದಂಡ ಐಎಸ್ 10500ಕ್ಕೆ ಹೋಲಿಸಿ ಬರೆದಿದ್ದಾರೆ. ಅದರ ಪ್ರಕಾರ 100 ಮಿ.ಲೀ. ನೀರಿನಲ್ಲಿ ಕೋಲಿಫಾರ್ಮ್ (ಮಲದಲ್ಲಿ, ಮಣ್ಣಿನಲ್ಲಿ ಇರುವ ಒಂದು ಬ್ಯಾಕ್ಟೀರಿಯಾ ಗುಂಪು) ಆಗಲಿ, ಅದರಲ್ಲಿ ಮಲದ ಗುರುತಾದ ಇ. ಕೋಲಿ ಆಗಲಿ ಒಂದೂ ಸಿಗಬಾರದು. ಯಾವ ಹೊಳೆಯೂ ಇದರಲ್ಲಿ ಪಾಸಾಗುವುದಿಲ್ಲ. ದಟ್ಟ ಕಾಡಿನಿಂದ ಇಳಿಯುವ ಹಳ್ಳದಲ್ಲೂ ಕಾಡುಪ್ರಾಣಿಗಳ ಲದ್ದಿಯಿಂದ ಕೋಲಿಫಾರ್ಮ್ ಇದ್ದೇ ಇರುತ್ತದೆ. ಹಾಗಾಗಿ ಆ ರಿಪೋರ್ಟ್ ಸುಳ್ಳಲ್ಲ, ಆದರೆ ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲ. ಗಾಜಿನ ಬಾಟಲಿಯ ತಳ ಕಪ್ಪಾಗುವ ಎಚ್‌2ಎಸ್ ಕಿಟ್ಟಿಗೂ (ಮಲದ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಸುಲಭ ಪರೀಕ್ಷೆ) ಇದೇ ಮಾತು. ಬಾವಿ, ಬೋರ್‌ವೆಲ್ ನೀರಿಗೆ ಅದು ಸರಿ. ಹೊಳೆ ನೀರು ಹಾಕಿದರೆ ಬಹುತೇಕ ಯಾವಾಗಲೂ ಕಪ್ಪೇ, ಎಷ್ಟಿದೆ ಎಂಬುದು ಗೊತ್ತಾಗುವುದಿಲ್ಲ.

ಸ್ನಾನದ ನೀರಿಗೆ ನಮ್ಮ ದೇಶದಲ್ಲಿ ಪ್ರತ್ಯೇಕ ಮಾನದಂಡ ಇದೆ. ಪರಿಸರ ಸಂರಕ್ಷಣಾ ನಿಯಮಗಳ ಅಡಿಯಲ್ಲಿ 2000ದಲ್ಲಿ ಅಧಿಸೂಚಿಸಿದ್ದು. 100 ಮಿ.ಲೀ.ಗೆ ಫೀಕಲ್ ಕೋಲಿಫಾರ್ಮ್, ಅಂದರೆ ಮಲದಿಂದ ಬರುವ ಕೋಲಿಫಾರ್ಮ್, 500ರ ಒಳಗಿದ್ದರೆ ಅಪೇಕ್ಷಣೀಯ, 2500 ಗರಿಷ್ಠ ಮಿತಿ. ಪಿಎಚ್ (ಹುಳಿ-ಕ್ಷಾರದ ಅಳತೆ) 6.5ರಿಂದ 8.5. ಕರಗಿದ ಆಮ್ಲಜನಕ, ಅಂದರೆ ಡಿಒ, ಲೀಟರಿಗೆ 5 ಮಿ.ಗ್ರಾಂ ಅಥವಾ ಹೆಚ್ಚು. ಬಿಒಡಿ, ಅಂದರೆ ನೀರಿನ ಕೊಳೆಯನ್ನು ಕರಗಿಸಲು ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕ, 3 ಮಿ.ಗ್ರಾಂ ಅಥವಾ ಕಡಿಮೆ. ಮಾಲಿನ್ಯ ನಿಯಂತ್ರಣ ಮಂಡಳಿ ನದಿಗಳನ್ನು ಎ, ಬಿ, ಸಿ ಎಂದು ವರ್ಗ ಮಾಡುತ್ತದಲ್ಲ, ಅದರಲ್ಲಿ ಸ್ನಾನಕ್ಕೆ ಬಿ ವರ್ಗ. ಅಲ್ಲಿ ಒಟ್ಟು ಕೋಲಿಫಾರ್ಮ್ 500ರ ಒಳಗೆ ಇರಬೇಕು. ಒಟ್ಟು ಕೋಲಿಫಾರ್ಮ್, ಫೀಕಲ್ ಕೋಲಿಫಾರ್ಮ್ ಎರಡೂ ಒಂದೇ ಅಲ್ಲ. ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಬೆಳೆಯುವುದೂ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ಮಲೆನಾಡಿನ ಹೊಳೆಯಲ್ಲಿ ಅದು ಏರಿದ ಮಾತ್ರಕ್ಕೆ ಗಾಬರಿ ಬೇಡ, ಫೀಕಲ್ ಅಥವಾ ಇ. ಕೋಲಿ ಅಂಕಿ ಕೇಳಿ ಪಡೆಯಿರಿ.

ಲ್ಯಾಬಿಗೆ ಹೋದಾಗ ಇನ್ನೊಂದು ಮಾತು ಮರೆಯದೆ ಹೇಳಬೇಕು. ಎಂಪಿಎನ್ ಪರೀಕ್ಷೆಯಲ್ಲಿ (ಎಷ್ಟು ಟ್ಯೂಬ್ ಪಾಸಿಟಿವ್ ಬಂತು ಎಂಬುದರಿಂದ ಬ್ಯಾಕ್ಟೀರಿಯಾ ಸಂಖ್ಯೆ ಅಂದಾಜು ಮಾಡುವ ಕ್ರಮ) ಸಾಮಾನ್ಯವಾಗಿ 10, 1, 0.1 ಮಿ.ಲೀ. ನೀರನ್ನು ತಲಾ ಐದು ಟ್ಯೂಬಿಗೆ ಹಾಕುತ್ತಾರೆ. ಹದಿನೈದೂ ಟ್ಯೂಬ್ ಪಾಸಿಟಿವ್ ಬಂದರೆ ರಿಪೋರ್ಟಿನಲ್ಲಿ "1600ಕ್ಕಿಂತ ಹೆಚ್ಚು" ಎಂದಷ್ಟೇ ಬರುತ್ತದೆ. ನಿಮ್ಮ ಮಿತಿ 2500. ಬಂದದ್ದು 1700ಓ 17,000ವೋ ತಿಳಿಯುವುದೇ ಇಲ್ಲ. "ಹೊಳೆ ನೀರು, ಸ್ನಾನದ ಮಾನದಂಡಕ್ಕೆ, 1, 0.1, 0.01 ಸರಣಿಯಲ್ಲಿ ಮಾಡಿ" ಎಂದು ಮೊದಲೇ ಹೇಳಿದರೆ 16,000ದವರೆಗೆ ಅಳೆಯಲು ಬರುತ್ತದೆ. ಎಂಪಿಎನ್ ಒಂದು ಅಂದಾಜು ಎಂಬುದೂ ನೆನಪಿರಲಿ. 240 ಎಂದು ಬಂದರೆ ನಿಜವಾದದ್ದು ಅದರ ಮೂರನೇ ಒಂದು ಭಾಗವೂ ಇರಬಹುದು, ಮೂರು ಪಟ್ಟೂ ಇರಬಹುದು. ಒಂದೇ ರಿಪೋರ್ಟ್ ಹಿಡಿದು ತೆರೆಯುವುದಾಗಲಿ ಮುಚ್ಚುವುದಾಗಲಿ ಸಲ್ಲದು ಎನ್ನುವುದು ಇದಕ್ಕೇ.

ಸ್ಯಾಂಪಲ್ ತೆಗೆಯುವ ಕ್ರಮ: ಲ್ಯಾಬಿನಿಂದಲೇ ಸ್ಟೆರೈಲ್ ಮಾಡಿದ ಬಾಟಲಿ ತನ್ನಿ. ಬಿಸ್ಲೆರಿ ಬಾಟಲಿ ತೊಳೆದು ತುಂಬಿಸಿದ್ದು ನಡೆಯುವುದಿಲ್ಲ. ಜನ ಮೀಯುವ ಜಾಗದಲ್ಲೇ ತೊಡೆ ಮಟ್ಟದ ನೀರಿಗೆ ಇಳಿದು, ಕಾಲಿನಿಂದ ಎದ್ದ ಕೆಸರು ಹರಿದು ಹೋಗುವವರೆಗೆ ನಿಲ್ಲಿ. ಮುಚ್ಚಳ ತೆಗೆದು ಕೈಯಲ್ಲೇ ಹಿಡಿದಿರಿ, ನೆಲದಲ್ಲಿಡಬೇಡಿ, ಒಳಭಾಗ ಮುಟ್ಟಬೇಡಿ. ಬಾಟಲಿ ಗಲಬರಿಸಬಾರದು. ಬಾಯಿ ಕೆಳಗೆ ಮಾಡಿ ಸುಮಾರು 30 ಸೆಂ.ಮೀ. ಆಳಕ್ಕೆ ಇಳಿಸಿ, ಹರಿವಿಗೆ ಎದುರಾಗಿ ತಿರುಗಿಸಿ, ಕೈಯಿಂದ ದೂರಕ್ಕೆ ತಳ್ಳುತ್ತಾ ತುಂಬಿಸಿ. ಮೇಲೆ ಒಂದು ಇಂಚು ಖಾಲಿ ಇರಲಿ, ಲ್ಯಾಬಿನಲ್ಲಿ ಅಲುಗಿಸಬೇಕಾಗುತ್ತದೆ. ಕೂಡಲೇ ಐಸ್ ಬಾಕ್ಸಿಗೆ, ಆದರೆ ನೀರು ಹೆಪ್ಪುಗಟ್ಟಬಾರದು. ಆರು ಗಂಟೆಯೊಳಗೆ ಲ್ಯಾಬ್ ತಲುಪಲಿ. ಸಕಲೇಶಪುರದಿಂದ ಹಾಸನ ದೂರವೇನಲ್ಲ, ಬೆಳಿಗ್ಗೆ ತೆಗೆದರೆ ಆರಾಮಾಗಿ ಆಗುತ್ತದೆ. ಟ್ಯೂಬುಗಳನ್ನು 48 ಗಂಟೆ ಇಟ್ಟು, ಆಮೇಲೆ 44.5 ಡಿಗ್ರಿಯಲ್ಲಿ ಇನ್ನೊಂದು ದಿನ ಖಚಿತಪಡಿಸಬೇಕು. ಅದಕ್ಕೇ ವಾರದ ಕೊನೆಯಲ್ಲಿ ಸ್ಯಾಂಪಲ್ ಕೊಟ್ಟರೆ ಬೇಸರ ಪಡುತ್ತಾರೆ. ಸೋಮವಾರ, ಮಂಗಳವಾರ ಒಳ್ಳೆಯದು.

ಡಿಒ ಬಾಟಲಿ ಬೇರೆ. 300 ಮಿ.ಲೀ.ಯ ಗಾಜಿನ ಬಿರಡೆಯ ಬಾಟಲಿ, ಒಳಗೆ ಒಂದು ಗುಳ್ಳೆಯೂ ಇರಬಾರದು. ಹೊಳೆ ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಅಲ್ಕಲಿ ಅಯೋಡೈಡ್ ಅಜೈಡ್ ದ್ರಾವಣ ತಲಾ 2 ಮಿ.ಲೀ., ಪಿಪೆಟ್ ತುದಿ ನೀರಿನೊಳಗೆ ಮುಳುಗಿಸಿ ಬಿಡಬೇಕು. ಬಿರಡೆ ಹಾಕಿ ತಲೆಕೆಳಗು ಮಾಡಿದಾಗ ಕಂದು ಗಸಿ ಕಟ್ಟಿದರೆ ಆಮ್ಲಜನಕ ಇದೆ. ಬಿಳಿಯಾಗಿಯೇ ಉಳಿದರೆ ಇಲ್ಲ, ಅಂಥ ನೀರಿಗೆ ಆ ದಿನ ಯಾರನ್ನೂ ಇಳಿಸಬೇಡಿ.

ಜಾಗ ಮೂರು ಇರಲಿ: ಮೋರಿ ಅಥವಾ ಹಳ್ಳ ಸೇರುವುದಕ್ಕಿಂತ ಮೇಲೆ ಒಂದು, ಘಟ್ಟದಲ್ಲಿ ಒಂದು, ಕೆಳಗೆ ಒಂದು. ಮೇಲೆ ಕಡಿಮೆ, ಘಟ್ಟದಲ್ಲಿ ಹೆಚ್ಚು ಬಂದರೆ ಕಾರಣ ಎಲ್ಲೋ ದೂರದಲ್ಲಿಲ್ಲ, ಘಟ್ಟದ ಶೌಚಾಲಯದ ಪಿಟ್ ಹೊಳೆ ಕಡೆ ಜಿನುಗುತ್ತಿದೆಯೇ ಎಂದು ಮೊದಲು ನೋಡಿ. ಮೂರೂ ಕಡೆ ಮಾಡಿಸಲು ದುಡ್ಡಿಲ್ಲದಿದ್ದರೆ ಮೇಲಿನದು ಮತ್ತು ಘಟ್ಟದ್ದು ಸಾಕು. ಸಮಯ ಮುಂಜಾನೆ. ಬಿಸಿಲು ಬಿದ್ದಂತೆ ಬ್ಯಾಕ್ಟೀರಿಯಾ ಸಾಯುತ್ತವೆ, ಮಧ್ಯಾಹ್ನದ ಸ್ಯಾಂಪಲ್ ಯಾವಾಗಲೂ ಸ್ವಲ್ಪ ಚೆಂದ ಕಾಣುತ್ತದೆ.

ತೋಟದಹಳ್ಳ ಮೂಡಿಗೆರೆ

ಮೇಲಿನವರು ಹೇಳಿದ್ದಕ್ಕೆ ನಮ್ಮ ಕಡೆಯ ಒಂದು ವಿಷಯ ಸೇರಿಸಲೇಬೇಕು. ಹೇಮಾವತಿ ಹುಟ್ಟುವುದು ಮೂಡಿಗೆರೆ ಸೀಮೆಯ ಜಾವಳಿ ಹತ್ತಿರ, ಅಲ್ಲಿಂದ ಸಕಲೇಶಪುರದವರೆಗೆ ಎರಡೂ ಬದಿ ಕಾಫಿ ತೋಟ. ನವೆಂಬರಿನಿಂದ ಫೆಬ್ರವರಿವರೆಗೆ ಪಲ್ಪಿಂಗ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ ಕಾಲ. ನೀರಿನ ಹರಿವು ಇಳಿಯುತ್ತಾ ಬರುವುದೂ, ಸಂಕ್ರಾಂತಿ ಸ್ನಾನ ಬರುವುದೂ ಇದೇ ಕಾಲದಲ್ಲಿ. ಈ ತಿಂಗಳುಗಳಲ್ಲಿ ಕೋಲಿಫಾರ್ಮ್ ಒಂದನ್ನೇ ನೋಡಿ "ನೀರು ಚೆನ್ನಾಗಿದೆ" ಎಂದರೆ ಮೋಸ ಹೋಗುತ್ತೀರಿ.

ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ಬೀಜಕ್ಕೆ ಅಂಟಿದ ಲೋಳೆಯಲ್ಲಿ ಸಕ್ಕರೆ ಇರುತ್ತದೆ. ತೊಳೆದ ನೀರು ಹುಳಿಯುತ್ತದೆ, ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ, ಬಿಒಡಿ ಸಾವಿರಗಳ ಲೆಕ್ಕದಲ್ಲಿರುತ್ತದೆ. 3000 ಬಿಒಡಿಯ ಒಂದು ಲೀಟರ್ ನೀರು 3ಕ್ಕೆ ಇಳಿಯಬೇಕಾದರೆ ಸಾವಿರ ಲೀಟರ್ ಶುದ್ಧ ನೀರು ಬೇಕು. ಜನವರಿಯ ಸಣ್ಣ ಹಳ್ಳದಲ್ಲಿ ಅಷ್ಟು ನೀರು ಎಲ್ಲಿಂದ ಬರಬೇಕು? ಹಾಗಾಗಿಯೇ ಪಲ್ಪರ್ ನೀರನ್ನು ಹಳ್ಳಕ್ಕೆ ಬಿಡದೆ, ನೆಲಕ್ಕೆ ಇಂಗದಂತೆ ಹಾಸು ಹಾಕಿದ ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ತೆಗೆದು ಮುಂದಿನ ಹಂತಕ್ಕೆ ಕಳಿಸಬೇಕು. ಗುಂಡಿ ಸಣ್ಣದಾದಾಗ ಅಥವಾ ಏರಿ ಒಡೆದಾಗ ರಾತ್ರೋರಾತ್ರಿ ಹಳ್ಳಕ್ಕೆ ಹರಿಯುತ್ತದೆ.

ಘಟ್ಟದಲ್ಲಿ ಇದನ್ನು ಗುರುತಿಸುವುದು ಕಷ್ಟವಲ್ಲ. ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಹುಳಿ ವಾಸನೆ, ಕಲ್ಲಿನ ಸಂದಿಯಲ್ಲಿ ಒಡೆಯದ ನೊರೆ. ಬೆಳಿಗ್ಗೆ ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಡಿಒ ಇಳಿದಿದೆ ಎಂದೇ ಅರ್ಥ. ಅದಕ್ಕೇ ಡಿಒ ಅಳೆಯುವುದಾದರೆ ಸೂರ್ಯ ಹುಟ್ಟುವ ಮೊದಲು ಅಳೆಯಿರಿ. ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ಅಂಕಿ ಮೇಲೇರುತ್ತದೆ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, 25 ಡಿಗ್ರಿ ನೀರಿನಲ್ಲಿ ಡಿಒ ತಾನಾಗಿ ಸುಮಾರು 7.5ರ ಮೇಲೆ ಹೋಗಬಾರದು. ಮಧ್ಯಾಹ್ನದ ರಿಪೋರ್ಟಿನಲ್ಲಿ 10 ಎಂದು ಬಂದರೆ ಖುಷಿ ಪಡಬೇಡಿ, ಪಾಚಿ ವಿಪರೀತ ಬೆಳೆದಿದೆ, ಅಥವಾ ಬಾಟಲಿಯಲ್ಲಿ ಗುಳ್ಳೆ ಸಿಕ್ಕಿಕೊಂಡಿದೆ.

ಪಿಎಚ್ ಮೀಟರ್ ಒಂದು ಘಟ್ಟದಲ್ಲೇ ಇರಲಿ. 4 ಮತ್ತು 7ರ ಬಫರ್ ದ್ರಾವಣದಲ್ಲಿ ವಾರಕ್ಕೊಮ್ಮೆ ಸರಿಹೊಂದಿಸಿ, ತುದಿ ಒಣಗಲು ಬಿಡಬೇಡಿ. ದಿನಾ ಬೆಳಿಗ್ಗೆ ಬರೆದಿಟ್ಟರೆ, ನಿನ್ನೆ 7.2 ಇದ್ದದ್ದು ಇವತ್ತು 6.3 ಎಂದು ಕಂಡ ಕೂಡಲೇ ಮೇಲಿನ ಹಳ್ಳಗಳನ್ನು ನೋಡಿ ಬರಬಹುದು. ಎರಡು ಗಂಟೆ ತಡವಾದರೆ ಯಾವ ಹಳ್ಳದಿಂದ ಬಂತು ಎಂದೇ ಗೊತ್ತಾಗುವುದಿಲ್ಲ.

ಹೊಳೆದಂಡೆ

ಇಬ್ಬರಿಗೂ ತುಂಬಾ ಧನ್ಯವಾದ. ಸಮಿತಿಯಲ್ಲಿ ಒಬ್ಬ ಹಿರಿಯರು, ಜಾತ್ರೆಯ ದಿನ ಘಟ್ಟದ ಮೇಲ್ಭಾಗದಲ್ಲಿ ಬ್ಲೀಚಿಂಗ್ ಪೌಡರ್ ಚೀಲ ಕಟ್ಟಿಬಿಟ್ಟರೆ ಸಾಕಲ್ಲ ಎನ್ನುತ್ತಿದ್ದಾರೆ. ಸರಿಯೇ?

ಲ್ಯಾಬ್ ಬೆಂಚು

ಖಂಡಿತ ಬೇಡ. ಸೆಕೆಂಡಿಗೆ ಒಂದು ಘನ ಮೀಟರ್ ಹರಿಯುತ್ತಿದೆ ಎಂದುಕೊಳ್ಳಿ. ಲೀಟರಿಗೆ 1 ಮಿ.ಗ್ರಾಂ ಕ್ಲೋರಿನ್ ನಿಲ್ಲಿಸಲು ಸೆಕೆಂಡಿಗೆ 1 ಗ್ರಾಂ, ಗಂಟೆಗೆ 3.6 ಕೆ.ಜಿ. ಕ್ಲೋರಿನ್. ಪೌಡರಿನಲ್ಲಿ ಕ್ಲೋರಿನ್ 30 ಶೇಕಡಾ ಇದ್ದರೆ ಗಂಟೆಗೆ 12 ಕೆ.ಜಿ. ಪೌಡರ್. ಅದೂ ಹೊಳೆಯ ಕೆಸರು, ಎಲೆ, ಸೋಪು ಎಲ್ಲಾ ಕ್ಲೋರಿನ್ ಕುಡಿದುಬಿಡುವ ಲೆಕ್ಕ ಬಿಟ್ಟು. ಚೀಲದ ಹತ್ತಿರ ಮೀನು ಸಾಯುತ್ತದೆ, ಕಣ್ಣು ಉರಿಯುತ್ತದೆ, ಹತ್ತು ಮಾರು ಕೆಳಗೆ ಏನೂ ಉಳಿದಿರುವುದಿಲ್ಲ. ಆ ಪೌಡರನ್ನು ಘಟ್ಟದ ಕುಡಿಯುವ ನೀರಿನ ಟ್ಯಾಂಕಿಗೆ, ಶೌಚಾಲಯದ ನೆಲಕ್ಕೆ ಬಳಸಿ. ಜಾತ್ರೆಗೆ ತಾತ್ಕಾಲಿಕ ಶೌಚಾಲಯ ಹೊಳೆಯಿಂದ ದೂರ ಹಾಕಿ, ಟ್ಯಾಂಕರಿನಲ್ಲಿ ಎತ್ತಿಸಿದರೆ ನೀರಿಗೆ ನಿಜವಾದ ಉಪಕಾರ.

ಮಲೆನಾಡು ಆರೋಗ್ಯ

ಟೆಸ್ಟಿನಲ್ಲಿ ಸಿಗದ ಎರಡು ವಿಷಯ ಹೇಳುತ್ತೇನೆ, ಬೋರ್ಡಿಗೂ ಬೇಕು.

ಇಲಿ ಜ್ವರ. ಇಲಿ, ದನ, ನಾಯಿಗಳ ಮೂತ್ರದಿಂದ ನೀರಿಗೆ, ಕೆಸರಿಗೆ ಸೇರುತ್ತದೆ. ಗಾಯ ಅಥವಾ ಬಿರುಕು ಬಿಟ್ಟ ಚರ್ಮದಿಂದ, ಕಣ್ಣು, ಮೂಗಿನಿಂದ ಒಳಗೆ ಹೋಗುತ್ತದೆ. ಕೋಲಿಫಾರ್ಮ್ 100 ಇದ್ದ ನೀರಿನಲ್ಲೂ ಇರಬಹುದು. ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ ಜ್ವರ, ಮೈಕೈ ನೋವು, ಅದರಲ್ಲೂ ಮೀನಖಂಡದ ನೋವು, ಕಣ್ಣು ಕೆಂಪು. ಹೊಳೆ ಸ್ನಾನ ಮಾಡಿ ಎರಡು ವಾರದೊಳಗೆ ಹೀಗಾದರೆ "ಹೊಳೆಗೆ ಇಳಿದಿದ್ದೆ" ಎಂದು ಡಾಕ್ಟರಿಗೆ ಹೇಳಬೇಕು. ಬೇಗ ಗೊತ್ತಾದರೆ ಮಾಮೂಲಿ ಆ್ಯಂಟಿಬಯೋಟಿಕ್ಕಿಗೇ ಗುಣವಾಗುತ್ತದೆ. ತಡವಾದರೆ ಕಾಮಾಲೆ, ಕಿಡ್ನಿ ತೊಂದರೆ.

ಇನ್ನೊಂದು, ಕೇರಳದ ಸುದ್ದಿಯಿಂದ ಎಲ್ಲರೂ ಹೆದರಿರುವ, ಮಿದುಳಿಗೆ ಸೋಂಕು ತರುವ ಅಮೀಬಾ (ನೇಗ್ಲೇರಿಯಾ). ಅದು ಬೆಚ್ಚಗಿನ, ನಿಂತ ನೀರಿನಲ್ಲಿ ಬೆಳೆಯುತ್ತದೆ. ಮೂಗಿನ ಮೇಲ್ಭಾಗಕ್ಕೆ ನೀರು ನುಗ್ಗಿದಾಗ ಮಾತ್ರ ತೊಂದರೆ, ಕುಡಿದರೆ ಅಲ್ಲ. ಬಹಳ ಅಪರೂಪ, ಬಂದರೆ ಉಳಿಯುವುದು ಕಷ್ಟ. ಹರಿವ ಹೇಮಾವತಿಗಿಂತ ಏಪ್ರಿಲ್‌ನಲ್ಲಿ ಹರಿವು ನಿಂತು ಬಂಡೆಗಳ ನಡುವೆ ಉಳಿಯುವ ಬೆಚ್ಚಗಿನ ಗುಂಡಿಗಳ ಬಗ್ಗೆ ಜಾಗ್ರತೆ ಬೇಕು. ಅಲ್ಲಿ ಧುಮುಕುವುದು, ತಳದ ಕೆಸರು ಕಲಕುವುದು ಬೇಡ. ಮೂಗಿನ ಕ್ಲಿಪ್ ಸಿಗುತ್ತದೆ, ಮಕ್ಕಳಿಗೆ ಒಳ್ಳೆಯದು.

ಕೊನೆಗೆ, ಹೊಳೆಯಲ್ಲಿ ಜೀವ ಹೋಗುವುದು ಹೆಚ್ಚಾಗಿ ಮುಳುಗಿ, ಸೋಂಕಿನಿಂದಲ್ಲ. ಆಳದ ಗುರುತು, ಹಗ್ಗ, ಗಾಳಿ ತುಂಬಿದ ಟ್ಯೂಬ್ ಇಲ್ಲದ ಘಟ್ಟದಲ್ಲಿ ನೀರಿನ ರಿಪೋರ್ಟ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಮರಳು ತೆಗೆದ ಗುಂಡಿ ಎಲ್ಲೆಲ್ಲಿದೆ ಎಂದು ಬೇಸಿಗೆಯಲ್ಲೇ ಗಳ ಹಾಕಿ ನೋಡಿ ಗುರುತು ಮಾಡಿಸಿ.

ಕರಾವಳಿಯಿಂದ ಹಾಸನಕ್ಕೆ

ಬೋರ್ಡಿನ ಬಗ್ಗೆ ನನ್ನ ಅಭಿಪ್ರಾಯ. ಜನ ನಂಬಬೇಕಾದರೆ ಕೆಟ್ಟ ದಿನ "ಇವತ್ತು ಇಳಿಯಬೇಡಿ" ಎಂದು ನೀವೇ ಹೇಳಬೇಕು. ವರ್ಷವಿಡೀ "ಸುರಕ್ಷಿತ" ಎಂದು ನಿಂತಿರುವ ಬೋರ್ಡನ್ನು ಯಾರೂ ಓದುವುದಿಲ್ಲ.

ಪ್ಯಾರಿಸ್‌ನ ಸೀನ್ ನದಿಯಲ್ಲಿ 1923ರಿಂದ ಈಜು ನಿಷೇಧ ಇತ್ತು. 2024ರ ಒಲಿಂಪಿಕ್ಸ್‌ಗೆ ಮಳೆನೀರು ಹಿಡಿದಿಡುವ 50,000 ಘನ ಮೀಟರಿನ ದೊಡ್ಡ ತೊಟ್ಟಿ ಕಟ್ಟಿದರು. ಆದರೂ ಮಳೆ ಬಂದು ಪುರುಷರ ಟ್ರಯಥ್ಲಾನ್ ಒಂದು ದಿನ ಮುಂದೆ ಹೋಯಿತು. 2025ರ ಜುಲೈಯಲ್ಲಿ ಸಾರ್ವಜನಿಕರಿಗೆ ತೆರೆದರು, ಮಳೆ ಬಿದ್ದ ಕೂಡಲೇ ಮತ್ತೆ ಮುಚ್ಚಿದರು. ಮುಚ್ಚಿದ್ದನ್ನು ಸೋಲು ಎಂದವರೂ ಇದ್ದಾರೆ, ನನಗೆ ಅದೇ ಸರಿಯಾದ ಕ್ರಮ ಎನಿಸುತ್ತದೆ. ನಮ್ಮ ರಾಜ್ಯದಲ್ಲಿ ಕಾಸರಕೋಡು, ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿತು. ಅದರ ನಿಯಮದಲ್ಲಿ ಎರಡು ಸ್ಯಾಂಪಲ್‌ಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಬಾರದು, ಫಲಿತಾಂಶ ತೀರದಲ್ಲೇ ಹಾಕಬೇಕು. ಸಮುದ್ರದ ಅಂಕಿ ಹೊಳೆಗೆ ತರಬೇಡಿ, ಕ್ರಮವನ್ನು ಮಾತ್ರ ತನ್ನಿ.

ಲ್ಯಾಬ್ ಫಲಿತಾಂಶ ಬರುವುದು ಮೂರು ನಾಲ್ಕು ದಿನದ ಮೇಲೆ. ಅಂದರೆ ಬೋರ್ಡಿನ ಅಂಕಿ ಯಾವಾಗಲೂ ಹಿಂದಿನ ವಾರದ್ದು. ಇವತ್ತಿನ ತೀರ್ಮಾನಕ್ಕೆ ಮಳೆಯೇ ಆಧಾರ. ಅಶ್ವಿನಿ, ಭರಣಿ ಮಳೆ ಮೊದಲ ಸಲ ಜೋರಾಗಿ ಹೊಡೆದಾಗ ಬೇಸಿಗೆಯಿಡೀ ಮೋರಿಯಲ್ಲಿ, ರಸ್ತೆಯಲ್ಲಿ, ಕೊಟ್ಟಿಗೆ ಹಿಂದೆ ಕೂತಿದ್ದೆಲ್ಲ ಒಂದೇ ಏಟಿಗೆ ಹೊಳೆಗೆ ಬರುತ್ತದೆ. ಜೋರು ಮಳೆಯ ನಂತರ 48 ಗಂಟೆ ಮುಚ್ಚಿ, ನೀರು ಇನ್ನೂ ಕೆಂಪಗಿದ್ದರೆ 72 ಗಂಟೆ. ಘಟ್ಟದಲ್ಲಿ ಬಿದ್ದ ಮಳೆಗಿಂತ ಮೂಡಿಗೆರೆ ಕಡೆ ಬಿದ್ದದ್ದು ಮುಖ್ಯ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲೇ ಇವೆ, ಅದರ ಅಂಕಿ ದಿನಾ ನೋಡಿಕೊಳ್ಳಬಹುದು. ಯಾವ ಉಪಕರಣವೂ ಇಲ್ಲದ ನಿಯಮ ಒಂದಿದೆ: ಮೊಣಕಾಲುದ್ದ ನೀರಲ್ಲಿ ನಿಂತು ತನ್ನ ಪಾದದ ಬೆರಳು ಕಾಣದಿದ್ದರೆ ಯಾರನ್ನೂ ಇಳಿಸಬೇಡಿ. ರೋಗದ ದೃಷ್ಟಿಯಿಂದಲೂ, ಮುಳುಗಿದವರನ್ನು ಹುಡುಕುವ ದೃಷ್ಟಿಯಿಂದಲೂ ಅದು ಸರಿ.

ಸರಾಸರಿ ತೆಗೆದು ಬರೆಯಬೇಡಿ. ನಾಲ್ಕು ಸಲ 100, ಒಂದು ಸಲ 10,000 ಬಂದರೆ ಸಾದಾ ಸರಾಸರಿ 2080, ಗುಣೋತ್ತರ ಸರಾಸರಿ ಸುಮಾರು 250. ಒಂದು ನೋಡಿದರೆ ಹೆದರಿಕೆ, ಇನ್ನೊಂದು ನೋಡಿದರೆ ಪರವಾಗಿಲ್ಲ. ನಿಜ ಏನೆಂದರೆ ನಾಲ್ಕು ದಿನ ಚೆನ್ನಾಗಿತ್ತು, ಒಂದು ದಿನ ತುಂಬಾ ಕೆಟ್ಟಿತ್ತು, ಆ ಒಂದು ದಿನ ಮಳೆ ಬಂದಿತ್ತೇ ಎಂಬುದು. ಕೊನೆಯ ಐದು ಅಂಕಿಗಳನ್ನು ತಾರೀಖಿನ ಸಮೇತ ಹಾಗೆಯೇ ಬರೆಯಿರಿ.

ಹೊಳೆದಂಡೆ

ಎಲ್ಲ ಸೇರಿಸಿ ಬೋರ್ಡಿಗೆ ಹೀಗೆ ಬರೆದಿದ್ದೇವೆ, ನೋಡಿ ಹೇಳಿ:

"ಈ ನೀರು ಸ್ನಾನಕ್ಕೆ, ಕುಡಿಯಲು ಅಲ್ಲ. ಫೀಕಲ್ ಕೋಲಿಫಾರ್ಮ್ ಮಿತಿ 500, ಗರಿಷ್ಠ 2500. ಕೊನೆಯ ಐದು ಫಲಿತಾಂಶ ಕೆಳಗಿದೆ. ಜೋರು ಮಳೆಯಾದ ಮೇಲೆ 48 ಗಂಟೆ ಇಳಿಯಬಾರದು. ಗಾಯ ಇದ್ದವರು ಇಳಿಯಬಾರದು. ಎರಡು ವಾರದಲ್ಲಿ ಜ್ವರ ಬಂದರೆ ಡಾಕ್ಟರಿಗೆ ಹೊಳೆ ಸ್ನಾನದ ವಿಷಯ ತಿಳಿಸಿ. ತುರ್ತಿಗೆ 112, ಆಂಬುಲೆನ್ಸ್ 108. ಸಾಬೂನು, ಶಾಂಪೂ, ಬಟ್ಟೆ ಬಿಡುವುದು ನಿಷೇಧ."

ಲ್ಯಾಬ್ ಬೆಂಚು

ಚೆನ್ನಾಗಿದೆ. ಮೂರು ತಿದ್ದುಪಡಿ. "ಜೋರು ಮಳೆ" ಎಂದರೆ ಒಬ್ಬೊಬ್ಬರಿಗೆ ಒಂದೊಂದು. ಸಮಿತಿಯೇ ಕೂತು ಇಷ್ಟು ಮಿಲಿಮೀಟರ್ ಎಂದು ತೀರ್ಮಾನಿಸಿ ಬರೆಯಿರಿ, ಒಂದು ಮಳೆಗಾಲ ಮಳೆ ಮತ್ತು ಕೋಲಿಫಾರ್ಮ್ ಅಕ್ಕಪಕ್ಕ ಬರೆದಿಟ್ಟ ಮೇಲೆ ಆ ಅಂಕಿ ಸರಿಪಡಿಸಿಕೊಳ್ಳಿ. ಪ್ರತಿ ಫಲಿತಾಂಶದ ಪಕ್ಕದಲ್ಲಿ ಸ್ಯಾಂಪಲ್ ತೆಗೆದ ತಾರೀಖು ಹಾಕಿ, ರಿಪೋರ್ಟ್ ಬಂದ ತಾರೀಖಲ್ಲ. ಮತ್ತೆ ನವೆಂಬರಿನಿಂದ ಫೆಬ್ರವರಿವರೆಗೆ ದಿನದ ಪಿಎಚ್‌ಗೆ ಒಂದು ಸಾಲು ಬಿಡಿ, 6.5ಕ್ಕಿಂತ ಕೆಳಗೆ ಬಂದ ದಿನ ಕೆಂಪು ಬಾವುಟ. ಬಾವುಟ ಏರಿಸುವ, ಇಳಿಸುವ ಅಧಿಕಾರ ಯಾರದ್ದು ಎಂದು ಪಂಚಾಯಿತಿ ನಡಾವಳಿಯಲ್ಲೇ ಬರೆಸಿಡಿ. ಇಲ್ಲದಿದ್ದರೆ ಜಾತ್ರೆಯ ದಿನ ಬೆಳಿಗ್ಗೆ ಆರು ಗಂಟೆಗೆ ಆ ತೀರ್ಮಾನ ಯಾರೂ ತೆಗೆದುಕೊಳ್ಳುವುದಿಲ್ಲ.